ಕೀಲಿ ಯಾರ ಹತ್ತಿರ

ಆ ರಾತ್ರಿ ದಾವಣಗೆರೆಯಿಂದ ಹರಿಹರಕ್ಕೆ ಹೊರಟ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೇ ಸಿಕ್ಕಿತ್ತು. ಹೊರಗೆ ನೋಡುವ ಮನಸ್ಸಾಗಲಿಲ್ಲ. ಮರುದಿನ ಪ್ರಾಕ್ಟಿಕಲ್ ಪರೀಕ್ಷೆ. ಕಾಲೇಜಿನ ಲ್ಯಾಬಿನಲ್ಲಿದ್ದ ಒಂದೇ ಸರ್ವರಿಗೆ ಯಾರೂ ಒಳಹೋಗದಂತೆ ಮಾಡಿ ಬಂದಿದ್ದೆ.

ಲಿನಕ್ಸಿನಲ್ಲಿ ಬಾಗಿಲು ಕಾಯುವುದು ಪ್ಯಾಮ್. 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ವಿಪಿನ್ ಸಮರ್ ಮತ್ತು ರೋಲಂಡ್ ಶೆಮರ್ಸ್ ಮುಂದಿಟ್ಟ ಉಪಾಯ ಅದು. ಅದಕ್ಕೂ ಮೊದಲು ಪಾಸ್‌ವರ್ಡ್ ನೋಡುವ ಕೆಲಸ ಒಂದೊಂದು ಪ್ರೋಗ್ರಾಮಿನ ಹೊಟ್ಟೆಯೊಳಗೇ ಇರುತ್ತಿತ್ತು. ನಿಯಮ ಬದಲಾದರೆ ಎಲ್ಲವನ್ನೂ ಬಿಚ್ಚಬೇಕು. ಪ್ಯಾಮ್‌ನಲ್ಲಿ ಕಾವಲುಗಾರರನ್ನು ಹೊರಗೆ ಸಾಲಾಗಿ ನಿಲ್ಲಿಸಿ, ಯಾರ ಮಾತಿಗೆ ಎಷ್ಟು ಬೆಲೆ ಎಂದು ಒಂದು ಫೈಲಿನಲ್ಲಿ ಬರೆದರಾಯಿತು. 'ರಿಕ್ವಿಸಿಟ್' ಎಂದು ಗುರುತು ಹಾಕಿದವನು ಬೇಡವೆಂದರೆ ಅಲ್ಲಿಂದಲೇ ವಾಪಸ್. 'ರಿಕ್ವೈರ್ಡ್' ಹಾಗಲ್ಲ. ಅವನು ಬೇಡವೆಂದ ಮೇಲೂ ಮಿಕ್ಕವರು ವಿಚಾರಿಸುತ್ತಲೇ ಹೋಗುತ್ತಾರೆ, ಕೊನೆಗಷ್ಟೇ 'ಇಲ್ಲ' ಎನ್ನುತ್ತಾರೆ. ತಡೆದವರು ಯಾರೆಂದು ಹೊರಗೆ ನಿಂತವನಿಗೆ ತಿಳಿಯಬಾರದು, ಅದಕ್ಕೆ.

ಪದೇ ಪದೇ ತಪ್ಪು ಪಾಸ್‌ವರ್ಡ್ ಹೊಡೆಯುವವರನ್ನು ತಡೆಯುವ ಮಾಡ್ಯೂಲ್ ಸೇರಿಸಲು ಮೇಷ್ಟ್ರು ನನಗೆ ಹೇಳಿದ್ದರು. ಅದರ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದೆ. ಇಲ್ಲದ ಕಾವಲುಗಾರನ ಒಪ್ಪಿಗೆ ಎಲ್ಲರಿಗೂ ಕಡ್ಡಾಯವಾಯಿತು! ಇಂಥ ಫೈಲು ಮುಟ್ಟುವಾಗ ರೂಟ್ ಆಗಿ ಇನ್ನೊಂದು ಟರ್ಮಿನಲ್ ತೆರೆದಿಟ್ಟುಕೊಳ್ಳಬೇಕು. ಗೊತ್ತಿತ್ತು. ಬಸ್ಸಿಗೆ ಹೊತ್ತಾಯಿತೆಂದು ಲಾಗ್‌ಔಟ್ ಮಾಡಿದ್ದೆ. ಆಮೇಲೆ ಸರಿಯಾದ ಪಾಸ್‌ವರ್ಡೂ ನಡೆಯಲಿಲ್ಲ.

ಬೆಳಗಿನ ಜಾವ ಲ್ಯಾಬ್ ಅಟೆಂಡರ್ ಅಣ್ಣನಿಗೆ ಫೋನ್ ಮಾಡಿದೆ. ಗುತ್ತಿಗೆಯ ಮೇಲಿದ್ದವರು.

"ಬಾರಪ ಮೊದ್ಲು. ಕೀಲಿ ನನ್ ಹತ್ರ ಐತಲ್ಲ" ಎಂದರು.

ಅವರು ಹೇಳಿದ್ದು ಲ್ಯಾಬಿನ ಬಾಗಿಲಿನ ಕೀಲಿ. ನಿಜಕ್ಕೂ ಬೇಕಿದ್ದದ್ದು ಅದೇ. ಬೂಟ್‌ಲೋಡರಿಗೆ ಪಾಸ್‌ವರ್ಡ್ ಇಲ್ಲದಿದ್ದರೆ, ಯಂತ್ರದ ಮುಂದೆ ಕೂತವನು ಬೂಟ್ ಆಗುವ ಹೊತ್ತಿಗೇ ಬರಿಯ ಶೆಲ್ ತೆರೆಸಬಹುದು. ಪ್ಯಾಮ್‌ಗೆ ಎಚ್ಚರವೇ ಆಗುವುದಿಲ್ಲ. ಡಿಸ್ಕನ್ನು ಬರೆಯಲು ಬರುವಂತೆ ಮತ್ತೆ ಮೌಂಟ್ ಮಾಡಿ ಆ ಅಕ್ಷರ ತಿದ್ದಿದೆ. ಅಣ್ಣ ಹಿಂದೆ ನಿಂತು ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ಪರೀಕ್ಷೆ ಅರ್ಧ ಗಂಟೆ ತಡವಾಯಿತು. ಸರ್ವರ್ ಮುಟ್ಟಿದ್ದು ಯಾರೆಂದು ವಿಭಾಗದ ಮುಖ್ಯಸ್ಥರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಣ್ಣ, "ನಾನೇ ಸರ್, ಕಸ ಹೊಡೆಯುವಾಗ ವೈರ್ ಎಳೀತು" ಅಂದುಬಿಟ್ಟರು. ತೆರೆದ ಬಾಯನ್ನು ನಾನು ಮುಚ್ಚಿಕೊಂಡೆ.

ಆ ವರ್ಷ ಅವರ ಗುತ್ತಿಗೆ ಮುಂದುವರಿಯಲಿಲ್ಲ. ಆಮೇಲೊಮ್ಮೆ ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಕಾರಣ ಏನಂತೆ ಎಂದು ಅಳುಕುತ್ತಲೇ ಕೇಳಿದೆ.

"ಯಾರಿಗ್ಗೊತ್ತಪ. ಅರ್ಜಿ ಎಲ್ಲಾ ಟೇಬಲ್‌ಗೂ ಹೋಗಿತ್ತಂತೆ. ಕೊನೀಗೆ ಇಲ್ಲ ಅಂದ್ರು."

ನನ್ನ ಟೀ ದುಡ್ಡನ್ನೂ ಅವರೇ ಕೊಟ್ಟರು.