ಕೋರಸ್ಸಿನ ಮಗಳು

ಕಳೆದ ವರ್ಷ ನಮ್ಮ ಬಡಾವಣೆಯ ರಾಜ್ಯೋತ್ಸವಕ್ಕೆ ಹಾಡುಗಳನ್ನು ಆರಿಸುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಡೊಂಬಿವಲಿ, ಕಲ್ಯಾಣ, ಠಾಣೆಗಳಿಂದ ಬಂದ ಹೆಸರುಗಳ ನಡುವೆ ಹತ್ತೊಂಬತ್ತರ ಹುಡುಗಿಯೊಬ್ಬಳು ತನ್ನ ಹಾಡು ‘ಜೋಕೆ ನಾನು ಬಳ್ಳಿಯ ಮಿಂಚು’ ಎಂದು ಬರೆದಿದ್ದಳು. ಇಪ್ಪತ್ತು ವರ್ಷಗಳಿಂದ ಕೇಂದ್ರ ಸರಕಾರದ ಕಡತಗಳ ಅಂಚಿನಲ್ಲಿ ಟಿಪ್ಪಣಿ ಬರೆಯುತ್ತ ಬಂದ ಕೈ ನನ್ನದು. ಹೆಚ್ಚು ಯೋಚಿಸದೆ ‘ಸಂದರ್ಭೋಚಿತವಲ್ಲ’ ಎಂದು ಬರೆದೆ. ಹುಡುಗಿ ವಾದಿಸಲಿಲ್ಲ. ಅಂದು ಭಾವಗೀತೆಯೊಂದನ್ನು ತಪ್ಪಿಲ್ಲದೆ ಹಾಡಿದಳು, ಚಪ್ಪಾಳೆಯೂ ಬಿತ್ತು. ಆದರೆ ಆ ಹಾಡಿನಲ್ಲಿ ಅವಳು ಮಾತ್ರ ಇರಲಿಲ್ಲ.

ಕೆಲವು ದಿನಗಳ ನಂತರ ಬೆಳಗಿನ ಲೋಕಲ್‌ನ ಮಹಿಳೆಯರ ಡಬ್ಬಿಯಲ್ಲಿ ಅವಳ ತಾಯಿ ಸಿಕ್ಕರು. ನಮ್ಮ ಭಜನಾ ಮಂಡಳಿಯಲ್ಲಿ ಸದಾ ಹಿಂದಿನ ಸಾಲಿನಲ್ಲಿ ಕೂತು ದನಿಗೂಡಿಸುವವರು. “ಆ ಹಾಡು ಅವಳು ಕಲಿತದ್ದು ನನ್ನಿಂದಲೇ. ಅಡುಗೆಮನೆಯಲ್ಲಿ ಹಾಡಿಕೊಳ್ಳುತ್ತಿದ್ದೆ,” ಎಂದರು. ದನಿಯಲ್ಲಿ ದೂರಿರಲಿಲ್ಲ. ಠಾಣೆ ಬರುವವರೆಗೂ ನನಗೆ ಮಾತು ಹೊರಡಲಿಲ್ಲ.

ಆ ರಾತ್ರಿ ಹಾಡನ್ನು ಮತ್ತೆ ಕೇಳಿದೆ. 1970ರ ‘ಪರೋಪಕಾರಿ’ ಚಿತ್ರದ್ದು, ಸಂಗೀತ ಉಪೇಂದ್ರಕುಮಾರ್, ಹಾಡಿದವರು ಎಲ್.ಆರ್. ಈಶ್ವರಿ. ಬಾಲ್ಯದಲ್ಲಿ ನಮ್ಮ ಮನೆಯಲ್ಲಿ ಕ್ಯಾಸೆಟ್ ಈ ಹಾಡಿಗೆ ಬಂದೊಡನೆ ಅಪ್ಪ ಮುಂದಕ್ಕೆ ಓಡಿಸುತ್ತಿದ್ದರು. ಹಾಗಾಗಿ ನಾನು ಅದನ್ನು ಪೂರ್ತಿ ಕೇಳಿದ್ದೇ ಅಪರೂಪ. ಈಗ ಗಮನವಿಟ್ಟು ಕೇಳಿದರೆ, ತುಂಟತನವೂ ಎಚ್ಚರಿಕೆಯೂ ಶ್ರುತಿ ಬಿಡದೆ ಸಾಗುವ ಕಂಠ. ಆ ಸಲೀಸು ಸುಮ್ಮನೆ ಬಂದದ್ದಿರಲಾರದು ಎನಿಸಿತು.

ಬಂದದ್ದು ತಾಯಿಯಿಂದ. ಈಶ್ವರಿಯವರ ತಾಯಿ ಮದರಾಸಿನ ಜೆಮಿನಿ ಸ್ಟುಡಿಯೋದಲ್ಲಿ ಕೋರಸ್ ಗಾಯಕಿ. ತೆರೆಯ ಮೇಲೆ ಹೆಸರು ಬಾರದ, ಹತ್ತು ಕಂಠಗಳಲ್ಲಿ ಒಂದಾಗಿ ಕರಗಿಹೋಗುವ ದುಡಿಮೆ ಅದು. ತಾಯಿಯ ಜೊತೆ ಧ್ವನಿಮುದ್ರಣಕ್ಕೆ ಹೋಗುತ್ತಿದ್ದ ಹುಡುಗಿ ತಾನೂ ಕೋರಸ್ಸಿನಲ್ಲಿ ನಿಂತಳು. ಕೆ.ವಿ. ಮಹಾದೇವನ್ 1958ರಲ್ಲಿ ಅವಳಿಂದ ಒಂಟಿಯಾಗಿ ಹಾಡಿಸಿದರು. 1961ರ ‘ಪಾಸಮಲರ್’ ಚಿತ್ರದ ಮದುವೆಯ ಹಾಡು ಅವಳನ್ನು ತಮಿಳರ ಮನೆಮನೆಗೆ ತಲುಪಿಸಿತು. ಮುಂದೆ ಕ್ಲಬ್ಬಿನ ಹಾಡು ಎಂದರೆ ಈಶ್ವರಿ ಎನ್ನುವಂತಾಯಿತು. ಅದೇ ಕಂಠ ಹಾಡಿದ ಮಾರಿಯಮ್ಮನ ಭಕ್ತಿಗೀತೆಗಳು ಆಷಾಢದಲ್ಲಿ ತಮಿಳುನಾಡಿನ ಗುಡಿಗಳಲ್ಲಿ ಮೊಳಗುತ್ತವೆ. ಮದುವೆಮನೆ, ಕ್ಲಬ್ಬು, ಗುಡಿ ಮೂರಕ್ಕೂ ಒಗ್ಗಿದ ಕಂಠಕ್ಕೆ ನಾನು ಒಂದೇ ಬಾಗಿಲು ತೋರಿಸಿ, ಅದನ್ನೂ ಮುಚ್ಚಿಬಿಟ್ಟಿದ್ದೆ.

ನನಗೆ ಇನ್ನೂ ಹೆಚ್ಚು ನಾಚಿಕೆಯಾದದ್ದು ನನ್ನ ಓದಿನ ಬಗ್ಗೆ. ಇಂಗ್ಲಿಷ್ ಎಂ.ಎ. ಓದುವಾಗ ಕ್ರಿಸ್ಟೋಫರ್ ಇಷರ್‌ವುಡ್‌ನ ‘ಗುಡ್‌ಬೈ ಟು ಬರ್ಲಿನ್’ (1939) ಕೃತಿಯ ಸ್ಯಾಲಿ ಬೌಲ್ಸ್ ಕುರಿತು ಪುಟಗಟ್ಟಲೆ ಬರೆದಿದ್ದೆ. ಬರ್ಲಿನ್ನಿನಲ್ಲಿ ಹಾಡಿ ಬದುಕುವ ಆ ಹುಡುಗಿಯ ಮೇಲೆ ನನಗೆ ಎಷ್ಟೊಂದು ಸಹಾನುಭೂತಿ! ಅದೇ ಕಥೆಯಿಂದ ಹುಟ್ಟಿದ 1972ರ ‘ಕ್ಯಾಬರೆ’ ಚಿತ್ರದಲ್ಲಿ ಸ್ಯಾಲಿಯಾದವರು ಲೈಜಾ ಮಿನೆಲಿ. ಜೂಡಿ ಗಾರ್ಲಂಡ್‌ರ ಮಗಳು, ಗಾಯನ ತಾಯಿಯ ಬಳುವಳಿ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಬರ್ಲಿನ್ನಿನ ಕ್ಯಾಬರೆ ನನಗೆ ಸಾಹಿತ್ಯವಾಗಿತ್ತು. ನನ್ನದೇ ಭಾಷೆಯದು ಅಂಚಿನಲ್ಲಿ ಟಿಪ್ಪಣಿ ಬರೆದು ಬದಿಗಿಡುವ ಸಂಗತಿಯಾಗಿತ್ತು.

ಹೊರನಾಡಿನಲ್ಲಿರುವ ನಮಗೆ ಸಂಸ್ಕೃತಿಯ ಬಗ್ಗೆ ಒಂದು ಬಗೆಯ ಆತಂಕವಿದೆ. ವರ್ಷಕ್ಕೊಮ್ಮೆ ಸಿಗುವ ವೇದಿಕೆಯಲ್ಲಿ ಕನ್ನಡ ಆದಷ್ಟು ಶುಭ್ರವಾಗಿ ಕಾಣಲಿ ಎಂದು ಬಯಸುತ್ತೇವೆ. ಅತಿಥಿ ಬಂದಾಗ ಮಾತ್ರ ಹೊರತೆಗೆಯುವ ಪಿಂಗಾಣಿ ಬಟ್ಟಲುಗಳಂತೆ ಕೆಲವೇ ಹಾಡುಗಳನ್ನು ಕಪಾಟಿನಲ್ಲಿಟ್ಟಿದ್ದೇವೆ. ಮರಾಠಿ ಶಾಲೆಗೋ ಇಂಗ್ಲಿಷ್ ಶಾಲೆಗೋ ಹೋಗಿ, ಕನ್ನಡ ಲಿಪಿಯನ್ನು ತಡವರಿಸಿ ಓದುವ ಮಕ್ಕಳಿಗೆ ಭಾಷೆ ದಕ್ಕುವುದು ಬೇರೆ ದಾರಿಯಲ್ಲಿ: ಒಗ್ಗರಣೆಯ ಸದ್ದಿನ ನಡುವೆ ಅಮ್ಮ ಗುನುಗಿದ್ದು, ಅಜ್ಜಿ ಬೈದದ್ದು. ಆ ಹುಡುಗಿ ತಂದದ್ದು ಅಂಥ ದಿನಬಳಕೆಯ ಪಾತ್ರೆ. ಅದನ್ನು ಮನೆಯಲ್ಲೇ ಇಟ್ಟು ಬಾ ಎಂದವಳು ನಾನು.

ಈ ಸಲದ ಪಟ್ಟಿ ಬಂದಾಗ ಅವಳ ಹೆಸರನ್ನು ಎರಡು ಬಾರಿ ಹುಡುಕಿದೆ. ಇರಲಿಲ್ಲ. ಫೋನ್ ಮಾಡಿ, ಅದೇ ಹಾಡು ಹಾಡುತ್ತೀಯಾ, ಬೇಕಾದರೆ ಅಮ್ಮನೊಡನೆಯೇ, ಎಂದು ಕೇಳಿದೆ. ಆಚೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. “ನೋಡೋಣ ಆಂಟಿ, ಪರೀಕ್ಷೆ ಇದೆ,” ಎಂದಳು. ಅದು ಪರೀಕ್ಷೆಯ ಮಾತಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಶನಿವಾರ ಪಟ್ಟಿ ಅಚ್ಚಿಗೆ ಹೋಗಬೇಕು. ಏಳನೆಯ ಸಾಲನ್ನು ಖಾಲಿ ಬಿಟ್ಟಿದ್ದೇನೆ.