ಶೇಕಡದ ಲೆಕ್ಕ

ಬೇಸಿಗೆ ಬಂತೆಂದರೆ ಬೆಂಗಳೂರಿನ ಅಂಚಿನ ಬಡಾವಣೆಗಳಲ್ಲಿ ಮಾವಿನ ಹಣ್ಣಿನ ಧಾರಣೆಯಷ್ಟೇ ಬಿಸಿಯಾದ ಮಾತು ಎಸ್.ಎಸ್.ಎಲ್.ಸಿ. ಫಲಿತಾಂಶದ್ದು. ಅಂಥ ಒಂದು ಬಡಾವಣೆಯ ರಾಯರು ಪತ್ರಿಕೆ ಮಡಿಸಿಟ್ಟು, “ನಮ್ಮ ಸರಕಾರಿ ಪ್ರೌಢಶಾಲೆಯ ಶೇಕಡ ನೋಡಿದೆಯಾ? ಅಲ್ಲಿಗೆ ಮಗಳನ್ನು ಕಳಿಸುವುದೆಂತು?” ಎಂದರು. ತಾವು ಓದಿದ್ದೂ ಸರಕಾರಿ ಹೈಸ್ಕೂಲಿನಲ್ಲೇ ಎಂಬುದು ಆ ಗಳಿಗೆಯಲ್ಲಿ ಅವರಿಗೆ ನೆನಪಾಗಲಿಲ್ಲ, ಮಡದಿಗೆ ನೆನಪಾಯಿತು.

ಶೇಕಡವೆಂಬುದು ವಿಚಿತ್ರವಾದ ತಕ್ಕಡಿ. 2023ರಲ್ಲಿ ರಾಜ್ಯದ ಫಲಿತಾಂಶ ಶೇಕಡ 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಕಣ್ಣಿಟ್ಟಾಗ, ಕೃಪಾಂಕಗಳನ್ನು ಹೆಚ್ಚಿಸಿಯೂ 73.40. ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿ ಕುಂದಿತೆ?

20 ಮಕ್ಕಳ ತರಗತಿಯಲ್ಲಿ ಒಬ್ಬ ಹುಡುಗ ನಪಾಸಾದರೆ ಶಾಲೆಯ ಫಲಿತಾಂಶ ಶೇಕಡ 5ರಷ್ಟು ಕುಸಿಯುತ್ತದೆ. ಆ ಹುಡುಗ ನಸುಕಿನಲ್ಲೆದ್ದು ಮನೆಮನೆಗೆ ಪತ್ರಿಕೆ ಹಂಚುವವನಿರಬಹುದು. ರಾಯರ ಕೈಯಲ್ಲಿದ್ದ ಪತ್ರಿಕೆಯನ್ನು ತಂದವನೂ ಅವನೇ ಇರಬಹುದು!

ಉಳ್ಳವರ ಮಕ್ಕಳು ಬಿಟ್ಟುಹೋದಂತೆ ದಾಖಲಾತಿ ಇಳಿಯುತ್ತದೆ. ದಾಖಲಾತಿ ಇಳಿದರೆ ಉಪಾಧ್ಯಾಯರು ‘ಹೆಚ್ಚುವರಿ’ಯೆನಿಸಿ ಬೇರೆಡೆಗೆ ವರ್ಗವಾಗುತ್ತಾರೆ. ಗಣಿತದ ಮೇಷ್ಟರು ಹೋದ ಮೇಲೆ ಶೇಕಡವೂ ಇಳಿಯುತ್ತದೆ. ಅದನ್ನು ಕಂಡು ಇನ್ನಷ್ಟು ಮಕ್ಕಳು ಬಿಡುತ್ತಾರೆ. ಮೇಷ್ಟರೆಲ್ಲಿ ಎಂದು ಅಧಿಕಾರಿಗಳನ್ನು ಗಟ್ಟಿಯಾಗಿ ಕೇಳಬಲ್ಲ ತಂದೆತಾಯಿಗಳು ಆ ವೇಳೆಗೆ ಅಲ್ಲಿ ಉಳಿದಿರುವುದಿಲ್ಲ.

ರಾಯರು ಮಗಳನ್ನು ಖಾಸಗಿ ಶಾಲೆಗೇ ಸೇರಿಸಿದರು. ಆದರೆ ಮರುದಿನ ಪತ್ರಿಕೆಯ ಹುಡುಗನನ್ನು ಮೊದಲ ಬಾರಿಗೆ ತಡೆದು, “ಗಣಿತದಲ್ಲಿ ಎಷ್ಟು ಬಂತಪ್ಪ?” ಎಂದು ಕೇಳಿದರು. ಹುಡುಗ ತಲೆ ತಗ್ಗಿಸಿದ.

“ಎರಡನೆಯ ಪರೀಕ್ಷೆ ಇದೆಯಲ್ಲ. ಸಂಜೆ ಪುಸ್ತಕ ತೆಗೆದುಕೊಂಡು ಬಾ.”