ಗಾಡಿಗೆ ಹೊಸ ಹೆಡರ್ ಹಾಕಿಸುವ ಮುನ್ನ



ಇಂಜಿನ್ನಿನ ಹೊಗೆ ಕೊಳವೆಯ ಮಾತು ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಏಕೆಂದು ಹುಬ್ಬೇರಿಸಬೇಡಿ. ಪಿಕಪ್ ಗಾಡಿಯ ದುಡಿಮೆಯನ್ನೇ ನಂಬಿರುವ ಮನೆಗಳಲ್ಲಿ ಅಡುಗೆಮನೆಯ ಡಬ್ಬಿಯಲ್ಲಿ ಕೂಡಿಟ್ಟ ಹಣವೂ ಒಂದಲ್ಲ ಒಂದು ದಿನ ಗ್ಯಾರೇಜಿನ ಪಾಲಾಗುತ್ತದೆ. ಹಾಗಿರುವಾಗ ಅದು ಎಲ್ಲಿಗೆ, ಯಾತಕ್ಕೆ ಹೋಗುತ್ತಿದೆ ಎಂದು ಮನೆಯ ಹೆಂಗಸರೂ ತಿಳಿದುಕೊಳ್ಳಬೇಕಲ್ಲವೇ?

ನಮ್ಮ ಮನೆ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿದೆ. ನಮ್ಮದು ನಾಲ್ಕೂ ಚಕ್ರ ಎಳೆಯುವ ಹಳೆಯ ಡೀಸೆಲ್ ಪಿಕಪ್. ಸಿರುಗುಪ್ಪ ಕಡೆಯಿಂದ ಭತ್ತ, ಕುರುಗೋಡು ಕಡೆಯಿಂದ ಮೆಣಸಿನಕಾಯಿ ತರುವುದು ಅದರ ಕೆಲಸ. ಎರೆಭೂಮಿಯಲ್ಲಿ ಮಳೆ ಬಿದ್ದ ಮರುದಿನ ಗಾಡಿ ಇಳಿಸಿ ನೋಡಿದವರಿಗೆ ನಾಲ್ಕು ಚಕ್ರದ ಎಳೆತ ಶೋಕಿಯಲ್ಲ ಎಂಬುದು ಗೊತ್ತು. ಕಳೆದ ವರ್ಷ ಆ ಗಾಡಿಯ ಎಳೆತ ತಗ್ಗಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಟಿಕ್ ಟಿಕ್ ಎಂಬ ಸದ್ದು, ಇಂಜಿನ್ ಕಾದ ಮೇಲೆ ಆ ಸದ್ದು ಮಾಯ. ಬಾನೆಟ್ ಎತ್ತಿದರೆ ಮ್ಯಾನಿಫೋಲ್ಡಿನ ಬದಿಯಲ್ಲಿ ಕಾಡಿಗೆಯಂತೆ ಮಸಿ. ಬೀಡಿನ ಮ್ಯಾನಿಫೋಲ್ಡ್ ಸೀಳಿತ್ತು.

ಮಗನಿಗೆ ಇದು ಸಂಕಟವೂ ಹೌದು, ಅವಕಾಶವೂ ಹೌದು. "ಅಮ್ಮೀ, ಹೇಗೂ ಬದಲಾಯಿಸಬೇಕಲ್ಲ, ಸ್ಟೀಲಿನ ಹೆಡರ್ ಹಾಕಿಸೋಣ. ಪಿಕಪ್ ಹೆಚ್ಚುತ್ತೆ, ಮೈಲೇಜೂ ಬರುತ್ತೆ" ಎಂದ. (ಗಾಡಿಯ ಹೆಸರೂ ಪಿಕಪ್, ಅದರ ವೇಗಕ್ಕೂ ಪಿಕಪ್. ಈ ಮಾತು ನಮ್ಮ ಮನೆಯಲ್ಲಿ ಎಷ್ಟು ಗೊಂದಲ ಮಾಡಿದೆಯೋ!) ಅದಕ್ಕೆಂದು ಅವನು ತನ್ನ ಸಂಬಳದಲ್ಲಿ ಆರು ತಿಂಗಳು ಉಳಿಸಿದ್ದ. ಇಪ್ಪತ್ತೆರಡರ ಹುಡುಗನಿಗೆ ಒಂದೇ ಏಟಿಗೆ ಬೇಡ ಎನ್ನುವುದು ಸುಲಭ. ಆದರೆ ಕಾರಣ ಹೇಳದ "ಬೇಡ" ಎಷ್ಟು ದಿನ ನಿಂತೀತು? ಆದ್ದರಿಂದ ಇಬ್ಬರೂ ಮೇಸ್ತ್ರಿ ಚಾಚಾರ ಬಳಿಗೆ ಹೋದೆವು.

ಚಾಚಾ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಇಂಜಿನ್ನಿನ ಪ್ರತಿ ಸಿಲಿಂಡರಿನಿಂದ ಸುಟ್ಟ ಹೊಗೆ ಸರದಿಯ ಮೇಲೆ ಹೊರಬೀಳುತ್ತದೆ. ಬೀಡಿನ ಮ್ಯಾನಿಫೋಲ್ಡಿನಲ್ಲಿ ಈ ಹೊಗೆಯೆಲ್ಲ ಗಿಡ್ಡನೆಯ ಒಂದೇ ಕೋಣೆಗೆ ನುಗ್ಗುತ್ತದೆ. ಹೆಡರಿನಲ್ಲಿ ಪ್ರತಿ ಸಿಲಿಂಡರಿಗೂ ಬೇರೆ ಕೊಳವೆ. ನಾಲ್ಕು ಕಾಲುವೆಗಳು ಸ್ವಲ್ಪ ದೂರ ತಮ್ಮಷ್ಟಕ್ಕೆ ಹರಿದು ಮುಂದೆ ಕೂಡಿದಂತೆ. ಅಳತೆ ಸರಿಯಿದ್ದರೆ ಒಂದರ ಹೊಗೆ ಮುಂದೆ ಓಡುವಾಗ ಇನ್ನೊಂದರ ಹೊಗೆಯನ್ನು ಸೆಳೆದುಕೊಳ್ಳುತ್ತದೆ, ಇಂಜಿನ್ ಸರಾಗವಾಗಿ ಉಸಿರಾಡುತ್ತದೆ. ಟರ್ಬೊ ಇಲ್ಲದ ಪೆಟ್ರೋಲ್ ಇಂಜಿನ್ನಿಗೆ ಇದು ನಿಜವಾದ ಲಾಭ. ಅಮೆರಿಕದಲ್ಲಿ ಪಿಕಪ್‌ಗಳಿಗೆ ಹೆಡರ್ ಹಾಕಿಸುವ ರೂಢಿ ಬೆಳೆದದ್ದು ಅಲ್ಲಿನ ದೊಡ್ಡ ಪೆಟ್ರೋಲ್ ಇಂಜಿನ್ನುಗಳಿಂದ. ನಮ್ಮಲ್ಲಾದರೆ ಹಳೆಯ ಜಿಪ್ಸಿಗೆ ಈ ಮಾತು ಒಪ್ಪುತ್ತದೆ.

ಆದರೆ ನಮ್ಮ ರಸ್ತೆಗಳಲ್ಲಿ ಕಾಣುವ ನಾಲ್ಕು ಚಕ್ರ ಎಳೆತದ ಪಿಕಪ್‌ಗಳನ್ನು ನೋಡಿ: ಸ್ಕಾರ್ಪಿಯೊ ಗೆಟ್‌ಅವೇ, ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್, ಎಲ್ಲವೂ ಟರ್ಬೊ ಡೀಸೆಲ್. ಇವುಗಳಲ್ಲಿ ಮ್ಯಾನಿಫೋಲ್ಡಿನಿಂದ ಬರುವ ಹೊಗೆಯ ಬಿಸಿ ಮತ್ತು ರಭಸವೇ ಟರ್ಬೊ ಚಕ್ರವನ್ನು ತಿರುಗಿಸುವುದು. ಉದ್ದದ ತೆಳು ಕೊಳವೆ ಹಾಕಿದರೆ ಆ ಬಿಸಿ ದಾರಿಯಲ್ಲೇ ಸೋರಿಹೋಗುತ್ತದೆ, ಟರ್ಬೊ ಏಳುವುದು ತಡವಾಗುತ್ತದೆ. ಭತ್ತದ ಮೂಟೆ ಹೊತ್ತು ಕೆಸರಿನಿಂದ ಏಳಬೇಕಾದ ಗಾಡಿಗೆ ಬೇಕಾಗಿರುವುದು ನಿಧಾನ ಓಟದಲ್ಲಿನ ಎಳೆತ, ಹೋಗುವುದೂ ಅದೇ! ಇಷ್ಟಲ್ಲದೆ ಟರ್ಬೊದ ಭಾರವೆಲ್ಲ ಮ್ಯಾನಿಫೋಲ್ಡಿನ ಮೇಲೆ. ಗುಂಡಿಬಿದ್ದ ರಸ್ತೆಯಲ್ಲಿ ತೆಳು ಕೊಳವೆಯ ಬೆಸುಗೆ ಎಷ್ಟು ದಿನ ತಾಳೀತು? ಬಳ್ಳಾರಿಯ ಬೇಸಿಗೆಯಲ್ಲಿ ಆ ಕೊಳವೆಯ ಕಾವು ಬಾನೆಟ್ಟಿನೊಳಗಿನ ವಯರು, ರಬ್ಬರ್ ಪೈಪುಗಳಿಗೂ ತಾಗುತ್ತದೆ.

ಮಗ ಸುಮ್ಮನಾಗಲಿಲ್ಲ. "ಸದ್ದಾದರೂ ಚೆನ್ನಾಗಿರುತ್ತೆ" ಎಂದ. ಒಳ್ಳೆಯದು, ಸದ್ದಿನ ಮಾತನ್ನೂ ಆಡೋಣ. ಮಗ ಗಾಡಿ ತೆಗೆಯುವುದು ನಸುಕಿನಲ್ಲಿ, ನಮ್ಮ ಓಣಿಯಲ್ಲಿ ಬಾಣಂತಿಯರಿದ್ದಾರೆ, ವಯಸ್ಸಾದವರಿದ್ದಾರೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಮಿತಿ 45 ಡೆಸಿಬಲ್. ಕಾನೂನು ಇನ್ನೂ ಬಿಗಿಯಾಗಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಆದ ತಿದ್ದುಪಡಿಯಂತೆ, ಅನುಮತಿಯಿಲ್ಲದೆ ಗಾಡಿಯನ್ನು ಮಾರ್ಪಡಿಸಿದ ಮಾಲೀಕರಿಗೆ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅದೇ ವರ್ಷದ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ತಯಾರಕರ ಮೂಲ ವಿನ್ಯಾಸವನ್ನು ಬದಲಿಸುವಂತಿಲ್ಲ ಎಂದು ಹೇಳಿದೆ.

ಈಗ ಉಳಿದದ್ದು ಮೂರು ದಾರಿ. ಸೀಳಿದ್ದಕ್ಕೆ ಬೆಸುಗೆ ಹಾಕಿಸಬಹುದು. ಆದರೆ ಬೀಡು ಹಟಮಾರಿ ಲೋಹ. ಮೊದಲು ಚೆನ್ನಾಗಿ ಕಾಯಿಸಿ, ನಿಕ್ಕಲ್ ರಾಡಿನಿಂದ ಬೆಸೆದು, ಮರಳಿನಲ್ಲಿ ಹೂತು ನಿಧಾನವಾಗಿ ಆರಿಸಬೇಕು. ಅವಸರಪಟ್ಟರೆ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಇಲ್ಲವೇ ಗುಜರಿಯಲ್ಲಿ ಅದೇ ಮಾಡೆಲ್ಲಿನದು ಹುಡುಕಬಹುದು. ಇಲ್ಲವೇ ಅದೇ ಅಳತೆಯ ಹೊಸ ಬೀಡಿನದು. ನಾವು ಹೊಸದನ್ನೇ ತಂದೆವು, ಹೆಡರಿಗೆ ಕೇಳಿದ್ದರ ಅರ್ಧಕ್ಕಿಂತ ಕಡಿಮೆ ಹಣಕ್ಕೆ. ಉಳಿದ ಹಣದಲ್ಲಿ ಮಗ ಹಿಂದಿನ ಎರಡು ಟೈರು ಹಾಕಿಸಿದ. ಮುಖ ಊದಿಸಿಕೊಂಡೇ ಹಾಕಿಸಿದ ಎನ್ನಿ. ಮುಂದಿನ ಮಳೆಗೆ ಗಾಡಿ ಹೊಲದಿಂದ ತಾನೇ ಎದ್ದು ಬಂದಾಗ ಅವನು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇಂಥ ಸೀಳನ್ನು "ಆಮೇಲೆ ನೋಡೋಣ" ಎಂದು ಮುಂದೂಡಬೇಡಿ, ಸಹೋದರಿಯರೇ. ಸೋರಿದ ಹೊಗೆ ಗಾಳಿಯ ಕಿಂಡಿಯಿಂದ ಕ್ಯಾಬಿನ್ನಿಗೆ ಬರುತ್ತದೆ, ಅಲ್ಲಿ ಮಕ್ಕಳೂ ಕೂತಿರುತ್ತಾರೆ. ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ. ಗಾಡಿಯಲ್ಲಿ ಹೊಗೆಯ ವಾಸನೆ ಬಂದರೆ, ತಲೆ ಭಾರವಾದರೆ, ಮೊದಲು ಬಾನೆಟ್ ತೆಗೆಸಿ ಮಸಿ ಹುಡುಕಿಸಿ.

ಹೊಸದು ಕೂಡಿಸುವಾಗ ಹಳೆಯ ಗ್ಯಾಸ್ಕೆಟ್ ಬಳಸಲು ಬಿಡಬೇಡಿ. ತುಕ್ಕು ಹಿಡಿದ ಸ್ಟಡ್ಡುಗಳನ್ನೂ ಬದಲಿಸಿ. ನಟ್ಟುಗಳನ್ನು ನಡುವಿನಿಂದ ಎರಡೂ ಅಂಚಿನ ಕಡೆಗೆ ಬಿಗಿಸುತ್ತ ಹೋಗಬೇಕು. ಒಂದು ವಾರ ಓಡಿದ ಮೇಲೆ, ಇಂಜಿನ್ ಪೂರ್ತಿ ತಣ್ಣಗಿರುವಾಗ ಇನ್ನೊಮ್ಮೆ ಬಿಗಿ ನೋಡಿಸಿ. ಮೇಸ್ತ್ರಿ ಇದಕ್ಕೆ ಬೇರೆ ಹಣ ಕೇಳುವುದಿಲ್ಲ, ಆದರೆ ನೀವು ಕರೆದುಕೊಂಡು ಹೋಗದಿದ್ದರೆ ಅವರು ಮನೆಗೆ ಬಂದು ಕೇಳುವುದೂ ಇಲ್ಲ.